ನಿಲ್ಲು ಎನ್ನುವ ಕೈ

ಮುದ್ರೆ ಎಂದರೆ ನನಗೆ ಗೊತ್ತಿದ್ದದ್ದು
ಪಾಸ್‌ಪೋರ್ಟಿನ ಎದೆಗೆ ಧಡ್ ಎಂದು ಗುದ್ದುವ ಠಸ್ಸೆ,
ಕರಾರಿನ ಅರಬ್ಬಿ ಸಾಲುಗಳ ಕೆಳಗೆ
ಓದದೆ ಒತ್ತಿಬಂದ ನನ್ನ ಹೆಬ್ಬೆಟ್ಟು.

ಶಾರ್ಜಾದಲ್ಲಿ ನನ್ನ ಕೆಲಸ ಕೈ ಆಡಿಸುವುದು.
ನಗಬೇಡಿ. ಹನ್ನೊಂದು ವರ್ಷದಿಂದ
ಇದಕ್ಕೇ ಸಂಬಳ ಎಣಿಸುತ್ತಿದ್ದಾರೆ.
ಕ್ರೇನಿನ ಗಾಜುಗೂಡಿನಲ್ಲಿ ಶೇರ್ ಜಮಾನ್;
ಅವನಿಗೆ ನನ್ನ ಮುಖ ಕಾಣದು, ಕೂಗು ಮುಟ್ಟದು,
ಕಿತ್ತಳೆ ಬಣ್ಣದ ಕೈಗವಸು ಮಾತ್ರ ಕಂಡೀತು.
ತೋರುಬೆರಳು ಮೇಲೆತ್ತಿ ಸುತ್ತಿದರೆ ಎತ್ತು.
ನೆಲಕ್ಕೆ ತೋರಿ ಸುತ್ತಿದರೆ ಇಳಿಸು.
ಎರಡೂ ಕೈ ಹೊಟ್ಟೆಯ ಮುಂದೆ ಹೆಣೆದು ನಿಂತೆನೋ,
ಎಲ್ಲ ಇದ್ದಲ್ಲೇ ಬಿಡು, ಚಹಾ ಬಂತು.
ಅಂಗೈ ಬಿಚ್ಚಿ ಎದುರಿಗೆ ಹಿಡಿದರೆ—
ಅದನ್ನು ಆಮೇಲೆ ಹೇಳುತ್ತೇನೆ.

ಆ ಪೆಟ್ಟಿಗೆ ಬಂದದ್ದು ಜುಲೈನಲ್ಲಿ, ರಾತ್ರಿ.
ಹಗಲು ಕಬ್ಬಿಣ ಮುಟ್ಟಗೊಡದ ತಿಂಗಳು.
ಮ್ಯೂಸಿಯಮ್ಮಿನ ಹಿಂಗೋಡೆ ಒಡೆದು ಬಾಯಿ ಮಾಡಿದ್ದರು.
ಒಂಬೈನೂರು ಕಿಲೋ ಅಂದರು, ಒಡೆಯುವ ಮಾಲು ಅಂದರು,
ಒಳಗೆ ಯಾರು ಅನ್ನಲಿಲ್ಲ.
ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ ಇಳಿಸಿದೆವು.

ಮೊಳೆ ಕಿತ್ತು, ಹಲಗೆ ಸರಿಸಿ, ಸ್ಪಂಜು ಬಿಚ್ಚಿದರೆ
ನಿಂತಿದ್ದಾನೆ ಬೂದುಗಲ್ಲಿನ ಬುದ್ಧ.
ಎರಡೂ ಭುಜಕ್ಕೆ ಹೊದ್ದ ಬಟ್ಟೆಯ ನಿರಿಗೆ ನಿರಿಗೆ,
ಎಡಗೈಯಲ್ಲಿ ಅದರದೇ ಸೆರಗು.
ಬಲಗೈ ಮೊಣಕೈಯಿಂದ ಮಡಚಿ ಮೇಲೆದ್ದು
ಮಣಿಕಟ್ಟಿನಲ್ಲಿ ಮುಗಿದಿತ್ತು.
ಅಲ್ಲೊಂದು ಚೌಕದ ತೂತು,
ಒಂದು ಕಾಲಕ್ಕೆ ಬೇರೆ ಕೈ ಸಿಗಿಸಿದ ಗೂಟದ ಜಾಗ.

ಹಾಲಾ ಮೇಡಂ, ಸಿರಿಯಾದವರು, ಒಡೆದದ್ದನ್ನು ಕೂಡಿಸುವವರು,
ಚೀಟಿ ಬರೆಯಲು ಕೂತು ಪೆನ್ನು ಕಚ್ಚುತ್ತಿದ್ದರು.
ಬೆರಳು ಭೂಮಿಗೆ ತಾಗಿದ್ದರೆ ಅದನ್ನು ಸಾಕ್ಷಿಗೆ ಕರೆದದ್ದಂತೆ,
ತೊಡೆಯ ಮೇಲೆ ಒಂದರೊಳಗೊಂದು ಇಟ್ಟರೆ ಧ್ಯಾನ,
ಕೆಳಗಿಳಿದ ಅಂಗೈ ವರ.
"ಇಲ್ಲಿ ಕೈಯೇ ಇಲ್ಲ. ಏನಂತ ಬರೆಯಲಿ?"

ನಾನು ಶಹಾಬಾದಿನವ. ಅಪ್ಪ ಪರಸಿ ಒಡೆಯುತ್ತಿದ್ದ,
ಗೆರೆ ನೋಡಿ ಕಲ್ಲು ಎಲ್ಲಿ ಸೀಳೀತು ಅನ್ನುತ್ತಿದ್ದ.
ಅರ್ಧ ಹಿಂದಿ ಅರ್ಧ ಅರಬ್ಬಿಯಲ್ಲಿ ಅಂದೆ:
ಮೇಡಂ, ಮೊಣಕೈ ಹೀಗೆ ಮಡಚಿದರೆ
ಅಂಗೈಗೆ ಆಡಲು ಒಂದೇ ಮಾತು. ನಿಲ್ಲು.
ಅವರು ನಕ್ಕರು.
"ಅಲ್ಲ. ಅಭಯ. ಅಂಜಬೇಡ ಎಂದು.
ಆದರೂ ಕೈ ಕಾಣದೆ ಹಾಗೆ ಬರೆಯಲಾರೆ."

ನಿಲ್ಲು. ಅಂಜಬೇಡ.
ಇವೆರಡು ಬೇರೆ ಮಾತೆಂದು ನನಗೆ ತಿಳಿದದ್ದೇ ಆಗ.

ಹಳೆಯ ಸೈಟಿನಲ್ಲಿ, ಮಣ್ಣುಗಾಳಿ ಎದ್ದ ದಿನ,
ಎರಡು ಟನ್ ಸರಳು ಗಿರ್ರನೆ ತಿರುಗಿ
ಸಿಲ್ಹೆಟ್ಟಿನ ಹುಡುಗ ತೋಫಜ್ಜಲನ ನೆತ್ತಿಯ ಕಡೆ ವಾಲಿತು.
ಬಾಯಿ ತುಂಬ ಮರಳು. ಅಂಗೈ ಬಿಚ್ಚಿದೆ.
ಮೇಲಿನವನು ಅದನ್ನು ನಿಲ್ಲು ಎಂದು ಓದಿದ.
ಕೆಳಗಿನವನು ಓಡಲಿಲ್ಲ—ಓಡಿದ್ದರೆ ಸಾಯುತ್ತಿದ್ದ—
ಅದನ್ನೇ ನೋಡುತ್ತ ನಿಂತ.
ಏನೆಂದು ಓದಿದನೋ ಕೇಳಲಿಲ್ಲ. ರಾತ್ರಿ ಕ್ಯಾಂಪಿನಲ್ಲಿ
ಖುಬೂಸು ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದ.
ಆಗಲೂ ನನ್ನ ಕೈ ನಡುಗುತ್ತಿತ್ತು.
ಅದಕ್ಕೇ ಇರಬೇಕು ಅವರು ಕಲ್ಲಲ್ಲಿ ಕಡೆದದ್ದು.

ಕೆಲಸ ಮುಗಿದು ಶೇರ್ ಜಮಾನ್ ಇಳಿದು ಬಂದ.
ಮೂರ್ತಿಗೆ ಒಂದು ಸುತ್ತು ಹಾಕಿ, "ಸ್ವಾತ್" ಅಂದ.
"ನಮ್ಮ ಕಲ್ಲು. ನಮ್ಮ ಹೊಳೆಯ ಬಣ್ಣ."
ಅವನ ಊರಲ್ಲಿ ಹೊಲ ಉತ್ತರೆ ಇಂಥ ಬೆರಳು ಸಿಗುತ್ತಿದ್ದವಂತೆ.
ಚಿಕ್ಕಂದಿನಲ್ಲಿ ಒಂದು ಇಡೀ ಕೈ ಸಿಕ್ಕಿತ್ತಂತೆ,
ಎಷ್ಟು ದೂರ ಹೋದೀತು ನೋಡೋಣ ಎಂದು ಹೊಳೆಗೆ ಬೀಸಿದನಂತೆ.
ಹೇಳಿ, ತನ್ನ ಅಂಗೈ ತಾನೇ ನೋಡಿಕೊಂಡ,
ಕಿಸೆಗೆ ಹಾಕಿಕೊಂಡ.

ಚೀಟಿಯಲ್ಲಿ ಈಗಲೂ ಹೀಗಿದೆ:
ಬಲಗೈ ಲಭ್ಯವಿಲ್ಲ. ಮುದ್ರೆ ತಿಳಿದಿಲ್ಲ.

ಒಂದು ಶುಕ್ರವಾರ ಟಿಕೆಟ್ಟು ಕೊಂಡು ಒಳಗೆ ಹೋದೆ,
ಇಸ್ತ್ರಿ ಅಂಗಿ, ಊರಿಗೆ ಹೋಗುವಾಗಿನ ಬೂಟು.
ಹತ್ತಿರ ಹತ್ತಿರ ಹೋಗುವಷ್ಟರಲ್ಲಿ
ಕಾವಲಿನವನು ಅಡ್ಡ ಬಂದು ಕೈ ಎತ್ತಿದ.
ಅವನ ಹಿಂದೆ ಆ ಚೌಕದ ತೂತು,
ಮುಂದೆ ಅವನ ಬಿಚ್ಚಿದ ಅಂಗೈ,
ಸರಿಯಾಗಿ ಅಳತೆಗೆ.
ನಿಂತೆ.